ಹ್ಯಾಲಿಗನ್ ಬಾವಿಯಲ್ಲಿ ಉಳಿದವನು

ಪೋರ್ಟ್ ಅಗಸ್ಟಾದ ಆರೈಕೆ ಮನೆಯಲ್ಲಿದ್ದ ಎಲ್ವಾ ಟ್ರೆಗೆನ್ಸಾಳಿಗೆ ಒಮ್ಮೊಮ್ಮೆ ಮಗಳ ಹೆಸರೇ ಮರೆತುಹೋಗುತ್ತಿತ್ತು. ಬೆಳಿಗ್ಗೆ ತಿಂಡಿ ತಿಂದದ್ದು ಮರೆಯುತ್ತಿತ್ತು, ಗಂಡ ಪರ್ಸ್ ಸತ್ತು ಎಷ್ಟೋ ವರ್ಷವಾಯಿತೆಂಬುದೂ ಮರೆಯುತ್ತಿತ್ತು. ಮರೆಯದೆ ಉಳಿದದ್ದು ಒಂದೇ ಪ್ರಶ್ನೆ. ಮಗಳು ಗ್ಲೆನಿಸ್ ಮಧ್ಯಾಹ್ನ ಬಂದು, ಕೈಚೀಲ ಕೆಳಗಿಟ್ಟು, ಕುರ್ಚಿ ಎಳೆದುಕೊಳ್ಳುವುದರೊಳಗೆ ಅದು ಬಂದುಬಿಡುತ್ತಿತ್ತು.

"ಸಿಕ್ಕಿದನೇನೇ?"

"ಇನ್ನೂ ಇಲ್ಲಮ್ಮ. ಹುಡುಕ್ತಾ ಇದೀನಿ."

ಅಷ್ಟಕ್ಕೇ ಎಲ್ವಾಳ ಮುಖ ಆಗಷ್ಟೇ ಸಾವಿನ ಸುದ್ದಿ ಕೇಳಿದವಳ ಮುಖದಂತೆ ಬಾಡಿಹೋಗುತ್ತಿತ್ತು. ನಿನ್ನೆ ಕೇಳಿದ್ದು ಅವಳಿಗೆ ನೆನಪಿಲ್ಲವಲ್ಲ, ಹಾಗಾಗಿ ದಿನವೂ ದುಃಖ ಹೊಸದು. ತಾನು ದಿನಾ ಇಲ್ಲಿಗೆ ಬಂದು ತಾಯಿಯ ಕೂಸನ್ನು ಇನ್ನೊಮ್ಮೆ ಕಸಿದುಕೊಂಡು ಹೋಗುತ್ತಿದ್ದೇನೆ ಎಂದು ಗ್ಲೆನಿಸ್‌ಗೆ ಅನ್ನಿಸುತ್ತಿತ್ತು. ಹಾಗೆಂದು ಬರದೆ ಇರುವುದಕ್ಕೂ ಆಗುತ್ತಿರಲಿಲ್ಲ.

ಎಲ್ವಾ ಕೇಳುತ್ತಿದ್ದದ್ದು ನೆವಿಲ್‌ನನ್ನು. ಅವಳ ಎರಡನೆಯ ಮಗು, ಗ್ಲೆನಿಸ್‌ಳ ತಮ್ಮ. ಹುಟ್ಟಿ ವರ್ಷ ತುಂಬುವ ಮೊದಲೇ, ಐವತ್ತನಾಲ್ಕನೇ ಇಸವಿಯ ಜನವರಿಯಲ್ಲಿ, ಉತ್ತರದ ಮರಳುಗಾಡಿನ ಹ್ಯಾಲಿಗನ್ ಬಾವಿ ಎಂಬ ರೈಲ್ವೆ ಬೀಡಿನಲ್ಲಿ ತೀರಿಕೊಂಡ. ಬೀಡೆಂದರೆ ಏನು ಮಹಾ? ಇಂಜಿನ್ನಿಗೆ ನೀರು ಕುಡಿಸುವ ಒಂದು ತೊಟ್ಟಿ, ಹಳಿ ದುರಸ್ತಿ ಮಾಡುವ ಪರ್ಸ್‌ನಂಥ ಗ್ಯಾಂಗ್‌ಮನ್‌ಗಳ ಐದಾರು ತಗಡಿನ ಮನೆ, ಮೇಸ್ತ್ರಿಗೊಂದು ಕಲ್ಲಿನ ಮನೆ, ಯಾರೋ ನೆಟ್ಟು ಹೋದ ಖರ್ಜೂರದ ಮರಗಳು. ಹಳಿಯ ಆಚೆ ಬದಿಗೆ ಆ ನೆಲದ ಮೂಲದವರಾದ ಅರಬಾನಾ ಜನರ ಗುಡಿಸಲುಗಳು. ಹಳಿ ದಾಟಿ ಈಚೆಗೆ ಅವರು ಕೆಲಸಕ್ಕೆ ಬರುತ್ತಿದ್ದರು, ಆಚೆಗೆ ಇವರು ಹೋಗುತ್ತಿರಲಿಲ್ಲ.

ಆ ಸೀಮೆಯಲ್ಲಿ ಮಳೆ ಬರುವುದೇ ಅಪರೂಪ. ಬಂದರೆ ಸೇಡು ತೀರಿಸಿಕೊಳ್ಳಲು ಬಂದಂತೆ ಬರುತ್ತದೆ. ಆ ವರ್ಷ ಹಾಗೇ ಬಂತು. ಹಳ್ಳ ಉಕ್ಕಿ, ಬೀಡಿನ ಉತ್ತರಕ್ಕೂ ದಕ್ಷಿಣಕ್ಕೂ ಹಳಿ ಕೊಚ್ಚಿಹೋಯಿತು. ದಿನಸಿ ತರುವ ರೈಲು ನಿಂತಿತು. ಕುಡಿಯುವ ನೀರು ಕೆಟ್ಟು ಮನೆಮನೆಯಲ್ಲೂ ವಾಂತಿಭೇದಿ ಹತ್ತಿಕೊಂಡಿತು. ರೇಡಿಯೋದಲ್ಲಿ ಡಾಕ್ಟರನ್ನು ಕರೆದರು. ಡಾಕ್ಟರ ವಿಮಾನವೇನೋ ಬಂತು, ಮೇಲೆ ಸುತ್ತು ಹಾಕಿ, ಇಳಿಯಲು ಒಣನೆಲ ಕಾಣದೆ ವಾಪಸು ಹೋಯಿತು. ನಾಲ್ಕು ವರ್ಷದವಳಾಗಿದ್ದ ಗ್ಲೆನಿಸ್‌ಗೆ ಹ್ಯಾಲಿಗನ್ ಬಾವಿಯ ನೆನಪೆಂದರೆ ದೂರವಾಗುತ್ತ ಹೋದ ಆ ವಿಮಾನದ ಸದ್ದು ಒಂದೇ.

ಮಗು ಹೋದಾಗ ಎಲ್ವಾ ತಾನೂ ಅದೇ ಬೇನೆಯಲ್ಲಿ ತಲೆಯೆತ್ತಲಾರದೆ ಮಲಗಿದ್ದಳು. ಪರ್ಸ್ ಮತ್ತು ಗ್ಯಾಂಗಿನ ಇನ್ನಿಬ್ಬರು ಕೂಸನ್ನು ಎತ್ತಿಕೊಂಡು ಹೋಗಿ ಮಣ್ಣುಮಾಡಿ ಬಂದರು. ಹಳಿ ದುರಸ್ತಿಯಾಗಿ ಬಂದ ಮೊದಲ ರೈಲಿನಲ್ಲೇ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ಅವಳು ಎದ್ದು ಓಡಾಡುವಷ್ಟರಲ್ಲಿ ಪರ್ಸ್‌ಗೆ ಬೇರೆ ಕಡೆ ವರ್ಗವಾಗಿತ್ತು. ಹೆತ್ತವಳು ಗೋರಿಯನ್ನು ಕಣ್ಣಲ್ಲಿ ನೋಡಲಿಲ್ಲ. ನೋಡಿದವನು ಬಾಯಿ ಬಿಡಲಿಲ್ಲ. ಮನೆಯಲ್ಲಿ ಯಾರಾದರೂ ಹ್ಯಾಲಿಗನ್ ಎಂದರೆ ಸಾಕು, ಪರ್ಸ್ ಟೀ ಲೋಟ ಅಲ್ಲೇ ಬಿಟ್ಟು ಹಿತ್ತಲಿಗೆ ಎದ್ದು ಹೋಗುತ್ತಿದ್ದ. ಹಾಗೇ ಒಂದು ದಿನ ಸತ್ತೂ ಹೋದ.

ಎಂಬತ್ತನೇ ಇಸವಿಯಲ್ಲಿ ರೈಲ್ವೆಯವರು ಇನ್ನೆಲ್ಲೋ ಹೊಸ ಹಳಿ ಹಾಕಿ ಹಳೆಯದನ್ನು ಕಿತ್ತರು. ತಗಡು, ತೊಲೆ, ತೊಟ್ಟಿ, ಕಿಟಕಿಯ ಚೌಕಟ್ಟು ಎಲ್ಲವೂ ಲಾರಿ ಹತ್ತಿದವು. ಊರು ಭೂಪಟದಿಂದಲೂ ಅಳಿಸಿಹೋಯಿತು. ಅಲ್ಲಿ ಮಣ್ಣಾದವರು ಯಾರು, ಎಷ್ಟು ಮಂದಿ ಎಂದು ಯಾರೂ ಕೇಳಲಿಲ್ಲ.

ಗ್ಲೆನಿಸ್ ಕೇಳತೊಡಗಿದ್ದು ಶಾಲೆಯ ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ. ಹುಡುಕುವುದು ಅವಳಿಗೆ ಗೊತ್ತಿದ್ದ ವಿದ್ಯೆ. ಆದರೆ ಈ ಹುಡುಕಾಟದಲ್ಲಿ ಒಂದೊಂದು ಬಾಗಿಲು ತೆರೆದಾಗಲೂ ಒಳಗೆ ಇನ್ನೊಂದು ಗೋಡೆಯೇ ಇರುತ್ತಿತ್ತು. ಮರಣ ಪತ್ರದಲ್ಲಿ ಊರಿನ ಹೆಸರಿತ್ತು, ಜಾಗವಿರಲಿಲ್ಲ. ರೈಲ್ವೆಯ ಹಳೆಯ ನಕ್ಷೆಯಲ್ಲಿ ಕೋಳಿಗೂಡನ್ನೂ ಗುರುತಿಸಿದ್ದರು, ಗೋರಿಗಳನ್ನು ಗುರುತಿಸಿರಲಿಲ್ಲ. ಆಕಾಶದಿಂದ ತೆಗೆದ ಫೋಟೋದಲ್ಲಿ ಕಂಡದ್ದು ಬರೀ ಬಿಳಿ ಮರಳು, ಅದರ ನಡುವೆ ಒಂದು ಕಪ್ಪು ಗೆರೆ. ಹಳೆಯ ರೈಲ್ವೆಯವರ ವಾರ್ಷಿಕ ಊಟಕ್ಕೆ ಹೋಗಿ ಮುದುಕರ ನಡುವೆ ಕೂತು ವಿಚಾರಿಸಿದಳು. "ಹ್ಯಾಲಿಗನ್ನಾ? ನೊಣ ಜಾಸ್ತಿ ಕಣಮ್ಮ ಅಲ್ಲಿ" ಎಂದು ಒಬ್ಬ, "ನಮ್ಮ ಕಾಲಕ್ಕೆ ಯಾರೂ ಸತ್ತಿರಲಿಲ್ಲ, ಸಾಯೋಕೂ ಪುರುಸೊತ್ತಿರಲಿಲ್ಲ" ಎಂದು ಇನ್ನೊಬ್ಬ. ಎಲ್ಲರೂ ನಕ್ಕರು. ಗ್ಲೆನಿಸ್ ತಟ್ಟೆಯಲ್ಲಿದ್ದ ಕುರಿಮಾಂಸ ಬಿಟ್ಟು ಮನೆಗೆ ಬಂದಳು.

ಕೊನೆಗೆ ಊರ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟಳು: ಹ್ಯಾಲಿಗನ್ ಬಾವಿಯಲ್ಲಿ ಬಾಳಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಂದೇ ಒಂದು ಫೋನ್ ಬಂತು.

"ಪೇಪರಲ್ಲಿ ಹಾಕ್ಸಿದ್ದು ನೀನೇನಾ?" ವಯಸ್ಸಾದ, ಗಟ್ಟಿಯಾದ ಹೆಣ್ಣುದನಿ. "ಕೆಂಪು ಗಡ್ಡದ ಪರ್ಸ್ ಮಗಳಾ ನೀನು?"

ಗ್ಲೆನಿಸ್ ಫೋನನ್ನು ಕಿವಿಗೆ ಒತ್ತಿಕೊಂಡಳು. "ಹೌದು... ತಾವು ಯಾರು?"

"ನಾನು ಐರಿಸ್. ಆಂಟಿ ಐರಿಸ್ ಅಂತಾರೆ ಎಲ್ಲಾರೂ, ನೀನೂ ಹಂಗೇ ಕರಿ. ಹಳಿಯಾಚೆ ಇದ್ವಲ್ಲ, ನಾವು. ನೀನು ಬರಿಗಾಲಲ್ಲಿ ನಮ್ಮ ಮೇಕೆ ಹಿಂದೆ ಓಡ್ತಿದ್ದೆ. ಮುಳ್ಳು ಚುಚ್ಕೊಂಡು ಅರಚ್ತಿದ್ದೆ."

ಆಂಟಿ ಐರಿಸ್ ಈಗ ಪೋರ್ಟ್ ಅಗಸ್ಟಾದಲ್ಲೇ ಇದ್ದಳು. ಮೂತ್ರಪಿಂಡ ಕೆಟ್ಟು, ವಾರದಲ್ಲಿ ಮೂರು ದಿನ ಆಸ್ಪತ್ರೆಯ ಯಂತ್ರಕ್ಕೆ ತೋಳು ಕೊಟ್ಟು ಕೂರಬೇಕಿತ್ತು. ಗ್ಲೆನಿಸ್ ಆಸ್ಪತ್ರೆಗೇ ಹೋಗಿ ಅವಳನ್ನು ಕಂಡಳು. ದಪ್ಪ ಕನ್ನಡಕ, ಹೂವಿನ ಅಂಗಿ, ಎಪ್ಪತ್ತು ದಾಟಿದ ಮೈ. ಗೋರಿಗಳ ಮಾತೆತ್ತಿದಾಗ ಅವಳು ಯಂತ್ರದ ಕೊಳವೆಯತ್ತ ಕಣ್ಣು ಹೊರಳಿಸಿದಳು.

"ಇತ್ತು. ಹಳ್ಳದ ಮೇಲೆ ಒಂದು ದಿಬ್ಬ. ನಿಮ್ಮೋರದು ತಂತಿಬೇಲಿ ಒಳಗೆ, ನಮ್ಮೋರದು ಬೇಲಿ ಹೊರಗೆ. ಸತ್ ಮೇಲೂ ಬೇಲಿ ಬೇಕಿತ್ತು ನೋಡು ಅವ್ರಿಗೆ." ಹಾಗಂದು ತಾನೇ ಮೆಲ್ಲಗೆ ನಕ್ಕಳು. "ಕರ್ಕೊಂಡು ಹೋಗ್ತೀಯಾ? ನಾನೂ ನೋಡಿ ಬಹಳ ವರ್ಷ ಆಯ್ತು. ಶನಿವಾರ ಹೋಗಿ ಭಾನುವಾರ ಬಂದ್ಬಿಡಬೇಕು. ಸೋಮವಾರ ಈ ಯಂತ್ರದ ಮುಂದೆ ಇರ್ಲಿಲ್ಲ ಅಂದ್ರೆ ನನ್ನೂ ಅಲ್ಲೇ ಮಣ್ಣು ಮಾಡ್ಬೇಕಾಗುತ್ತೆ."

ಗಾಡಿ ಓಡಿಸಲು ಗ್ಲೆನಿಸ್‌ಳ ಕಿರಿಯ ತಮ್ಮ ಕ್ಲೈವ್ ಬಂದ. ನೆವಿಲ್ ಸತ್ತ ಎರಡು ವರ್ಷಕ್ಕೆ ಹುಟ್ಟಿದವನು. ಆಯುಷ್ಯವೆಲ್ಲ ಲಾರಿ ಓಡಿಸಿ ಮಂಡಿ ಸವೆಸಿಕೊಂಡಿದ್ದ. ಈ ಹುಡುಕಾಟದ ಬಗ್ಗೆ ಅಕ್ಕನನ್ನು ಕಂಡಾಗಲೆಲ್ಲ ಛೇಡಿಸುತ್ತಿದ್ದ. ಆದರೆ ಅವತ್ತು ಅವನ ಪಿಕಪ್ಪಿನ ಹಿಂದೆ ಗೋಣಿ ಸುತ್ತಿದ್ದ ಏನೋ ಒಂದಿತ್ತು. ಗ್ಲೆನಿಸ್ ಗೋಣಿ ಸರಿಸಿ ನೋಡಿದಳು. ಹಳಿಗೆ ಬಡಿಯುವ ಹಳೆಯ ಮೊಳೆಗಳನ್ನು ಬೆಸೆದು ಮಾಡಿದ ಮೊಣಕಾಲೆತ್ತರದ ಶಿಲುಬೆ. ನಡುವೆ ನೆವಿಲ್‌ನ ಹೆಸರನ್ನು ಕೆತ್ತಿದ ತಗಡು.

"ಯಾವಾಗ ಮಾಡ್ದೆ ಇದನ್ನ?"

"ಶೆಡ್ಡಲ್ಲಿ ಕೆಲಸ ಇರ್ಲಿಲ್ಲ, ಮಾಡ್ದೆ. ಅಳಬೇಡ, ಹತ್ತು ಗಾಡಿ."

ಉತ್ತರಕ್ಕೆ ಹೋದಂತೆ ಡಾಂಬರು ಮುಗಿದು ಜಲ್ಲಿ ಬಂತು, ಜಲ್ಲಿ ಮುಗಿದು ಬರೀ ಚಕ್ರದ ಗುರುತು ಉಳಿಯಿತು. ರಾತ್ರಿ ಒಂದು ಹಳೆಯ ಹೋಟೆಲಿನಲ್ಲಿ ಉಳಿದು ಭಾನುವಾರ ಹೊತ್ತು ಮೂಡುವ ಮೊದಲೇ ಹೊರಟರು. ಹ್ಯಾಲಿಗನ್ ಬಾವಿಗೆ ದಾರಿಯೆಂಬುದೇ ಇರಲಿಲ್ಲ. ಹಳಿ ಕಿತ್ತ ಏರಿಯ ಮೇಲೇ ಗಾಡಿ ಹೋಗಬೇಕು. ಎತ್ತರದ, ಗಟ್ಟಿಯಾದ, ನೇರ ದಾರಿ ಅದು. ಕ್ಲೈವ್ ಖುಷಿಯಾಗಿ ವೇಗ ಹೆಚ್ಚಿಸಿದ.

"ನೋಡ್ರೀ ಆಂಟಿ, ನಾನೇ ರೈಲು ಈಗ. ಟಿಕೆಟ್ ತಗೊಂಡ್ರಾ?"

"ನಮ್ಮೋರಿಗೆ ಯಾವತ್ತು ಟಿಕೆಟ್ ಕೊಟ್ಟಿದ್ರು? ಕುರಿ ಡಬ್ಬೀಲಿ ಕೂತ್ಕೊಂಡು ಹೋಗ್ತಿದ್ವಿ. ಮೆಲ್ಲಗೆ ಓಡ್ಸೋ, ನನ್ನ ಸೊಂಟ ಕಬ್ಬಿಣದ್ದಲ್ಲ."

ಖರ್ಜೂರದ ಮರಗಳು ಮೊದಲು ಕಂಡವು. ಅವುಗಳ ಕೆಳಗೆ ಮೇಸ್ತ್ರಿ ಮನೆಯ ಒಂದು ಮೂಲೆ ಗೋಡೆ, ತೊಟ್ಟಿ ಇಟ್ಟಿದ್ದ ಮರದ ತುಂಡುಗಳು, ಬಿಸಿಲಿಗೆ ಬಣ್ಣ ತಿರುಗಿದ ಬಾಟಲಿ ಚೂರುಗಳು. ತಾನು ಹುಟ್ಟಿದ ಮನೆ ಯಾವ ಕಡೆಗಿತ್ತೆಂದು ಗ್ಲೆನಿಸ್‌ಗೆ ತಿಳಿಯಲಿಲ್ಲ. ಆಂಟಿ ಐರಿಸ್ ಕೋಲೂರಿಕೊಂಡು ಹಳ್ಳದ ಕಡೆ ನಡೆಯತೊಡಗಿದಳು. ಒಣಗಿದ ಹಳ್ಳದ ಪಾತ್ರ ದಾಟಿ ಆಚೆ ದಡಕ್ಕೆ ಬಂದವಳು ನಿಂತುಬಿಟ್ಟಳು.

"ಏನಾಯ್ತು ಆಂಟಿ? ಇನ್ನೂ ದೂರಾನಾ?"

"ಇಲ್ಲ. ಇಲ್ಲೇ."

ಎದುರಿಗೆ ದಿಬ್ಬವಿರಲಿಲ್ಲ. ದಿಬ್ಬದ ಅರ್ಧವಿತ್ತು. ಉಳಿದರ್ಧವನ್ನು ಯಾವುದೋ ವರ್ಷದ ನೆರೆ ಬ್ರೆಡ್ ಕೊಯ್ದಂತೆ ಕೊಯ್ದುಕೊಂಡು ಹೋಗಿತ್ತು. ಹಳ್ಳ ತನ್ನ ಹಾದಿ ಬದಲಿಸಿ ನೇರ ಅದರ ಹೊಟ್ಟೆಗೇ ನುಗ್ಗಿತ್ತು. ಕಡಿದಾದ ಕೆಂಪು ದಡದ ತುದಿಯಲ್ಲಿ ಒಂದು ಬೇಲಿಗೂಟ ಬೇರು ಕಿತ್ತ ಹಲ್ಲಿನಂತೆ ವಾಲಿತ್ತು. ಅದಕ್ಕೆ ಅಂಟಿದ ತುಕ್ಕುತಂತಿ ಗಾಳಿಯಲ್ಲಿ ನೇತಾಡುತ್ತಿತ್ತು. ಬೇಲಿಯ ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ, ಎಲ್ಲ ಬಯಲು.

ಕ್ಲೈವ್ ಮಂಡಿ ನೋವನ್ನೂ ಮರೆತು ದಡದ ಬುಡಕ್ಕೆ ಇಳಿದ. ಕೈಯಿಂದ ಮಣ್ಣು ಕೆರೆದ, ಕಲ್ಲು ಮಗುಚಿದ. ಬಹಳ ಹೊತ್ತು ಹಾಗೇ ಮಾಡಿದ. ಏನನ್ನು ಹುಡುಕುತ್ತಿದ್ದಾನೆಂದು ಅವನಿಗಾದರೂ ಗೊತ್ತಿತ್ತೋ ಇಲ್ಲವೋ. "ಸಾಕು ಬಾರೋ" ಎಂದು ಗ್ಲೆನಿಸ್ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಕೊನೆಗೆ ಉಗುರೆಲ್ಲ ಕೆಂಪು ಮಾಡಿಕೊಂಡು ಮೇಲೆ ಹತ್ತಿ ಬಂದು, ಪಿಕಪ್ಪಿನಿಂದ ಶಿಲುಬೆ ಹೊತ್ತು ತಂದ.

"ಇಲ್ಲೇ ನೆಟ್ಬಿಡೋಣ. ಉಳಿದಿರೋ ಭಾಗದಲ್ಲಿ ಎಲ್ಲಾದ್ರೂ. ಅಮ್ಮನಿಗೇನು ಗೊತ್ತಾಗುತ್ತೆ?"

"ಬೇಡಪ್ಪ," ಎಂದಳು ಆಂಟಿ ಐರಿಸ್. ಅವಳು ಒಂದು ಕಲ್ಲಿನ ಮೇಲೆ ಕೂತಿದ್ದಳು. "ಉಳ್ದಿರೋದು ನಮ್ಮ ಕಡೆ ಭಾಗ. ಅದರಲ್ಲೂ ಯಾರು ಉಳ್ದಿದಾರೆ, ಯಾರು ಹೋದ್ರು, ನಂಗೆ ಗೊತ್ತಿಲ್ಲ. ಯಾರ್ ಎದೆ ಮೇಲೆ ನೆಡ್ತೀಯ ಅದನ್ನ?"

ಕ್ಲೈವ್ ಶಿಲುಬೆ ಹಿಡಿದುಕೊಂಡೇ ನಿಂತ. ಅವನ ಅಷ್ಟು ದೊಡ್ಡ ಮೈಗೆ ಏನು ಮಾಡಬೇಕೆಂದೇ ತೋಚದೆ ಹೋದದ್ದನ್ನು ಗ್ಲೆನಿಸ್ ಹಿಂದೆಂದೂ ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ತಿರುಗಿ ಅದನ್ನು ಗಾಡಿಗೆ ಹೊತ್ತುಕೊಂಡು ಹೋದ.

ಗ್ಲೆನಿಸ್ ಮುದುಕಿಯ ಪಕ್ಕ ನೆಲದ ಮೇಲೆ ಕೂತಳು. "ನಿಮ್ಮೋರು ಯಾರಿದ್ರು ಇಲ್ಲಿ, ಆಂಟಿ?"

"ನಮ್ಮಮ್ಮ."

"ಯಾವಾಗ ಹೋದ್ರು?"

"ಅದೇ ನೆರೇಲಿ. ನಿಮ್ಮನೆ ಬಟ್ಟೆ ಒಗೀತಿದ್ಲಲ್ಲ ಅವಳು. ನಿಮ್ಮಮ್ಮ ಮಲಗಿಬಿಟ್ಟಾಗ ಕೂಸನ್ನ ನೋಡ್ಕೊಳ್ಳೋಕೆ ಯಾರೂ ಇರ್ಲಿಲ್ಲ. ಹಗಲೂ ರಾತ್ರಿ ಮಡಿಲಲ್ಲಿ ಹಾಕ್ಕೊಂಡು ಕೂತಿದ್ಲು. ಬಾಯಿಗೆ ನೀರು ಹನಿಸ್ತಾ ಇದ್ಲು. ಕೂಸು ಹೋಯ್ತು. ಆಮೇಲೆ ಇವಳಿಗೂ ಹತ್ಕೊಳ್ತು. ನೀರು ಇಳಿದ್ಮೇಲೆ ನಮ್ಮ ಮಾವಂದಿರು ತಂದು ಇಲ್ಲಿಟ್ರು." ಆಂಟಿ ಐರಿಸ್ ಕೋಲಿನ ತುದಿಯಿಂದ ಗಾಳಿಯಲ್ಲೇ ಒಂದು ಜಾಗ ತೋರಿಸಿದಳು. ಈಗ ಅಲ್ಲಿ ನೆಲವೇ ಇರಲಿಲ್ಲ. "ಈ ಹಳ್ಳ ಉಪ್ಪು ಕೆರೆಗೆ ಹೋಗಿ ಸೇರುತ್ತೆ. ಎಲ್ಲಾರೂ ಅಲ್ಲಿಗೇ ಹೋಗಿರ್ತಾರೆ."

ಇಷ್ಟು ವರ್ಷ ಗ್ಲೆನಿಸ್ ಎಷ್ಟೆಲ್ಲ ಕಾಗದ ಕೆದಕಿದ್ದಳು. ಆ ಹೆಂಗಸು ಯಾವುದರಲ್ಲೂ ಇರಲಿಲ್ಲ. ಇರಬಹುದೆಂದು ತನಗೂ ಹೊಳೆದಿರಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದಳು. ಆ ಮಾತು ಎಷ್ಟು ಸಣ್ಣದೆಂದು ತಾನೇ ನಾಚಿ ಮುಚ್ಚಿದಳು.

"ಅವರ ಹೆಸರು?" ಎಂದಷ್ಟೇ ಕೇಳಿದಳು.

"ನಾನು ಬಾಯಲ್ಲಿ ಹೇಳಲ್ಲ ಅದನ್ನ. ಸತ್ತೋರ ಹೆಸರು ಹೇಳೋ ಪದ್ಧತಿ ನಮ್ಮಲ್ಲಿಲ್ಲ. ಏಳು, ಬಿಸಿಲು ಏರ್ತಿದೆ."

ವಾಪಸು ಬರುವಾಗ ಕ್ಲೈವ್ ಗಾಡಿಯನ್ನು ಮೆಲ್ಲಗೆ ಓಡಿಸಿದ.

ಮಾರನೆಯ ದಿನ ಕ್ಲೈವ್ ಎಂದೂ ಇಲ್ಲದವನು ಅಕ್ಕನ ಜೊತೆ ಆರೈಕೆ ಮನೆಗೆ ಬಂದ. ಎಲ್ವಾ ಕಿಟಕಿಯ ಹತ್ತಿರ ಕೂತಿದ್ದಳು. ಮಕ್ಕಳಿಬ್ಬರೂ ಕೂರುವ ಮೊದಲೇ ಕೇಳಿದಳು. "ಸಿಕ್ಕಿದನೇನೇ?"

ಗ್ಲೆನಿಸ್ ಬಾಯಿ ತೆರೆಯುವಷ್ಟರಲ್ಲಿ ಕ್ಲೈವ್ ಹೇಳಿಬಿಟ್ಟ. "ಸಿಕ್ಕಿದ ಅಮ್ಮ. ನಿನ್ನೆ ಹೋಗಿದ್ವಿ. ಚೆನ್ನಾಗಿದಾನೆ."

ಗ್ಲೆನಿಸ್ ತಮ್ಮನ ಮುಖ ನೋಡಿದಳು. ಅವನು ನೋಡಲಿಲ್ಲ. ಎಲ್ವಾ ಕುರ್ಚಿಯ ತೋಳನ್ನು ಹಿಡಿದುಕೊಂಡಳು.

"ಎಲ್ಲಿದಾನೆ?"

"ಹಳ್ಳದ ಮೇಲಿನ ದಿಬ್ಬದಲ್ಲಿ. ಸುತ್ತ ಬೇಲಿ ಇದೆ. ಅಲ್ಲಾ ಗ್ಲೆನ್?"

"ಹೌದಮ್ಮ," ಎಂದಳು ಗ್ಲೆನಿಸ್. ಒಂದು ಸಲವಾದರೂ ಆ ಮುಖ ಅರಳುವುದನ್ನು ನೋಡಬೇಕೆಂಬ ಆಸೆ ಅವಳ ನಾಲಿಗೆಯನ್ನು ಹೊರಳಿಸಿಬಿಟ್ಟಿತು.

"ನೀಲಿ ಬೋಗುಣಿ ಇತ್ತಾ?" ಎಲ್ವಾ ಮುಂದಕ್ಕೆ ಬಾಗಿದಳು. "ನನ್ನ ನೀಲಿ ಎನಾಮಲ್ ಬೋಗುಣಿ. ಅವನಿಗೆ ಸ್ನಾನ ಮಾಡಿಸ್ತಿದ್ದದ್ದು. ಮಳೆ ಹೊಡೀದಿರಲಿ, ಮೇಲೆ ಕವುಚಿ ಇಡು ಅಂತ ಹೇಳಿ ಕಳ್ಸಿದ್ದೆ ನಿಮ್ಮಪ್ಪನ ಕೈಲಿ."

"ಇತ್ತಮ್ಮ," ಎಂದ ಕ್ಲೈವ್. "ಸ್ವಲ್ಪ ತುಕ್ಕು ಹಿಡಿದಿದೆ ಅಷ್ಟೆ. ಹಂಗೇ ಇದೆ."

ಎಲ್ವಾ ಹಿಂದಕ್ಕೊರಗಿದಳು. ಮುಖ ಅರಳಲೂ ಇಲ್ಲ, ಬಾಡಲೂ ಇಲ್ಲ. ಕಿಟಕಿಯ ಹೊರಗೆ ನೋಡತೊಡಗಿದಳು. ಹೊರಡುವಾಗ ಕ್ಲೈವ್ ಬಾಗಿಲಾಚೆ ಗೊಣಗಿದ. "ಬೈಬೇಡ ನನ್ನ. ನಾಳೆಗೆ ಹೇಗೂ ಮರ್ತಿರ್ತಾಳೆ."

ಎಲ್ವಾ ಮರೆತಿರಲಿಲ್ಲ. ಮರುದಿನ ಗ್ಲೆನಿಸ್ ಒಬ್ಬಳೇ ಹೋಗಿ, ಕಸ್ಟರ್ಡ್ ತಿನ್ನಿಸುತ್ತಿದ್ದಾಗ, ಮೂರನೆಯದೋ ನಾಲ್ಕನೆಯದೋ ಚಮಚ ಬಾಯಿ ಹತ್ತಿರ ಹೋದಾಗ ಎಲ್ವಾ ತುಟಿ ಬಿಗಿದು ತಲೆ ತಿರುಗಿಸಿದಳು.

"ಆ ಬೋಗುಣೀನ ನಿಮ್ಮಪ್ಪ ವಾಪಸ್ ತಂದಿದ್ದ ಕಣೇ."

ಗ್ಲೆನಿಸ್ ಚಮಚ ಕೆಳಗಿಟ್ಟಳು.

"ಅದರಲ್ಲೇ ಕ್ಲೈವ್‌ಗೂ ನೀರು ಹಾಕಿದೀನಿ. ಅದು ಅಲ್ಲಿ ಹೆಂಗಿರುತ್ತೆ?" ತಾಯಿಯ ಕಣ್ಣು ಅಂದು ತಿಳಿಯಾಗಿತ್ತು, ಎಷ್ಟೋ ತಿಂಗಳಿಂದ ಕಾಣದಷ್ಟು ತಿಳಿ. "ಬೋಗುಣಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದ. ಮೈಯೆಲ್ಲ ಕೆಸರು. ದಿಬ್ಬಕ್ಕೆ ಹೋಗೋಕೆ ಹಳ್ಳ ಬಿಡ್ಲಿಲ್ಲ ಎಲ್ವಾ ಅಂದ. ಈಚೆ ಎಲ್ಲಿ ಅಗೆದ್ರೂ ನೀರು ತುಂಬ್ತು ಅಂದ. ಮತ್ತೆ ಎಲ್ಲಿಟ್ಟೆ ಅಂದೆ. ಒಣಗಿರೋ ಕಡೆ ಇಟ್ಟೆ ಅಂದ. ಎಲ್ಲಿ ಅಂದ್ರೆ ಬಾಯಿ ಬಿಡ್ಲಿಲ್ಲ. ಎಷ್ಟೋ ವರ್ಷ ಕೇಳ್ದೆ. ಕೇಳಿದಾಗೆಲ್ಲ ಆ ಮನುಷ್ಯ ಒಳಗೊಳಗೇ ಮುರಿದು ಹೋಗ್ತಿದ್ದ. ಆಮೇಲೆ ಕೇಳೋದು ಬಿಟ್ಟೆ. ಈಗ ಅವನಿಲ್ಲ, ಅದಕ್ಕೇ ನಿನ್ನ ಕೇಳ್ತೀನಿ."

"ಸುಳ್ಳು ಹೇಳ್ಬಿಟ್ವಿ ಅಮ್ಮ. ತಪ್ಪಾಯ್ತು. ನಿನಗೆ ನೋವಾಗ್ಬಾರ್ದು ಅಂತ..."

"ನೋವಾಗ್ಲಿ ಬಿಡೇ. ನನ್ನ ಮಗನದು ಅಂತ ನನ್ನ ಹತ್ರ ಇರೋದು ಇನ್ನೇನಿದೆ?"

ಗ್ಲೆನಿಸ್ ಮೆಲ್ಲನೆ ಕೇಳಿದಳು. "ಅಮ್ಮ, ನೆವಿಲ್‌ನ ಮಡಿಲಲ್ಲಿ ಹಾಕ್ಕೊಂಡು ಒಬ್ಬರು ಕೂತಿದ್ರಂತಲ್ಲ, ಹಳಿಯಾಚೆಯವರು. ನೆನಪಿದೆಯಾ?"

ಎಲ್ವಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಕೈ ತಣ್ಣಗಿತ್ತು ಅವಳದು. ನನ್ನ ಹಣೆ ಮೇಲೂ ಇಡ್ತಿದ್ಲು. ಮೇರಿ ಅಂತಿದ್ವಿ."

"ಅದು ಅವರ ಹೆಸರಾ?"

"ಎಲ್ಲಾರನ್ನೂ ಮೇರಿ ಅಂತಾನೇ ಕರೀತಿದ್ದದ್ದು ನಾವು. ಹೆಸರು ಕೇಳ್ಳೇ ಇಲ್ಲ." ಎಲ್ವಾಳ ಕಣ್ಣು ತುಂಬಿತು. "ಆಮೇಲೆ ಏನಾದ್ಲು ಅವಳು?"

ಗ್ಲೆನಿಸ್ ಈ ಸಲ ಸುಳ್ಳು ಹೇಳಲಿಲ್ಲ. ತಾಯಿ ಅತ್ತಳು. ಸಂಜೆಯಾಗುವಷ್ಟರಲ್ಲಿ ಯಾಕೆ ಅತ್ತೆನೆಂಬುದನ್ನು ಮರೆತು, ಒದ್ದೆ ಕರವಸ್ತ್ರವನ್ನು ಮಡಿಸುತ್ತ ಬಿಚ್ಚುತ್ತ ಕೂತಳು.

ಮನೆಗೆ ಬರುವ ದಾರಿಯಲ್ಲಿ, ಸಿಗ್ನಲ್ಲಿನ ಹತ್ತಿರ ಕಾರು ನಿಲ್ಲಿಸಿದ್ದಾಗ, ಗ್ಲೆನಿಸ್‌ಗೆ ಅಪ್ಪನ ಮಾತು ಇನ್ನೊಂದು ಸಲ ಕೇಳಿಸಿದಂತಾಯಿತು. ಒಣಗಿರೋ ಕಡೆ. ಎಲ್ಲ ಕಡೆ ನೀರು ನಿಂತಿದ್ದ ಆ ಬಯಲಲ್ಲಿ, ವಿಮಾನಕ್ಕೂ ಇಳಿಯಲು ಜಾಗ ಸಿಗದ ಆ ಬಯಲಲ್ಲಿ, ಒಣಗಿದ್ದದ್ದು ಏನು? ಬೀಡಿನ ಬಳಿ ಕೊಚ್ಚಿಹೋಗದೆ ಉಳಿದಿದ್ದ ಹಳಿಯ ಏರಿ. ಅಪ್ಪನ ಕೈಯೇ ಕಲ್ಲು ಮಣ್ಣು ತುಂಬಿ ಗಟ್ಟಿ ಮಾಡಿದ್ದ ಏರಿ. ಅದರ ಮೇಲೆ ಆಮೇಲೆ ಇಪ್ಪತ್ತಾರು ವರ್ಷ ರೈಲು ಓಡಿತ್ತು. ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಲೇ ಇದ್ದ. ಅವಳಿಗೆ ಗೇರು ಹಾಕಲು ಕೈ ಬರಲಿಲ್ಲ.

ಕ್ಲೈವ್‌ಗೆ ಹೇಳಿದಾಗ ಅವನು ಅಡುಗೆಮನೆಯಲ್ಲಿ ನಿಂತು ಬಿಯರ್ ಕುಡಿಯುತ್ತಿದ್ದ. ಬಾಟಲಿ ಸಿಂಕಿನಲ್ಲಿಟ್ಟ.

"ಇರ್ಲಾರದು."

"ಇರ್ಲಾರದು. ಇರಲೂಬಹುದು. ಯಾರನ್ನ ಕೇಳೋದು?"

"ನಾನು ಅದ್ರ ಮೇಲೆ ಗಾಡಿ ಓಡ್ಸಿದೆ, ಗ್ಲೆನ್. ರೈಲು ಅಂತ ಆಟ ಆಡ್ಕೊಂಡು ಓಡ್ಸಿದೆ."

"ನಮಗೇನು ಗೊತ್ತಿತ್ತು?"

"ಅಗೆಯೋಣ. ಯಂತ್ರ ಬಾಡಿಗೆಗೆ ತರ್ತೀನಿ."

"ಎಲ್ಲಿಂದ ಎಲ್ಲಿವರೆಗೆ ಅಗೀತೀಯ?"

ಏರಿ ಕಣ್ಣು ಹರಿಯುವಷ್ಟು ದೂರಕ್ಕಿತ್ತು. ಅಗೆಯಲು ಅನುಮತಿ ಕೇಳಿ ಗ್ಲೆನಿಸ್ ಸರ್ಕಾರಕ್ಕೆ ಬರೆದಳು. ನಿಖರವಾದ ಜಾಗ ತಿಳಿಸಿದರೆ ಪರಿಶೀಲಿಸುತ್ತೇವೆ ಎಂದು ಮರುಟಪಾಲು ಬಂತು. ಅವತ್ತು ಅಪ್ಪನ ಜೊತೆ ಹೋದ ಇಬ್ಬರೂ ಎಂದೋ ತೀರಿಹೋಗಿದ್ದರು. ನಿಖರವಾದ ಜಾಗ ಗೊತ್ತಿದ್ದವನು ಊರ ಸ್ಮಶಾನದಲ್ಲಿ, ಅಮೃತಶಿಲೆಯ ಕೆಳಗೆ, ಬಾಯಿ ಮುಚ್ಚಿ ಮಲಗಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಗ್ಲೆನಿಸ್ ಬಹಳ ಪ್ರಯತ್ನಪಟ್ಟಳು. ಕೆಸರು ಮೆತ್ತಿಕೊಂಡು, ಖಾಲಿ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತ ಗಂಡಸೇ ಕಣ್ಣ ಮುಂದೆ ಬರುತ್ತಿದ್ದ. ಅಷ್ಟಕ್ಕೆ ಸಿಟ್ಟು ಸೋತು ಕೂರುತ್ತಿತ್ತು.

ಎಲ್ವಾ ಅದಾದ ಮೇಲೆ ಹೆಚ್ಚು ಕಾಲ ಇರಲಿಲ್ಲ. ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿಕೊಂಡಿತು, ಇಳಿಯಲಿಲ್ಲ. ಕೊನೆಯ ವಾರ ಮಾತು ನಿಂತಿತ್ತು. ಮಗಳು ಒಳಗೆ ಬಂದಾಗ ಕಣ್ಣು ಮಾತ್ರ ಅತ್ತ ತಿರುಗಿ ಕಾಯುತ್ತಿತ್ತು, ಗ್ಲೆನಿಸ್ ಇಲ್ಲವೆಂದು ತಲೆಯಾಡಿಸಿದ ಮೇಲೆ ಮುಚ್ಚುತ್ತಿತ್ತು.

ಪರ್ಸ್‌ನ ಪಕ್ಕದಲ್ಲೇ ಅವಳನ್ನು ಮಣ್ಣುಮಾಡಿದರು. ಕಲ್ಲಿನ ಮೇಲೆ ನೆವಿಲ್‌ನ ಹೆಸರನ್ನೂ ಬರೆಸಬೇಕೆಂದು ಗ್ಲೆನಿಸ್ ಸ್ಮಶಾನದ ಕಚೇರಿಗೆ ಹೋದಳು. ಕಿಟಕಿಯ ಹಿಂದಿದ್ದ ಹೆಂಗಸು ಒಳ್ಳೆಯವಳೇ. ಆದರೆ ಇಲ್ಲಿ ಹೂಳದವರ ಹೆಸರನ್ನು ಹೂಳಿದವರಂತೆ ಬರೆಯುವ ಹಾಗಿಲ್ಲ ಎಂದಳು. "ಎಲ್ಲಿ ಹೂಳಿದಾರೋ ಅಲ್ಲಿ ಬರೆಸಬಹುದಲ್ವಾ ಮೇಡಂ?" ಎಂದು ತೀರ ಮೃದುವಾಗಿ ಕೇಳಿದಳು. ಗ್ಲೆನಿಸ್ ಕೌಂಟರಿನ ಅಂಚನ್ನು ಹಿಡಿದುಕೊಂಡು ನಿಂತಳು. ಕಡೆಗೆ ಕಲ್ಲು ಕೆತ್ತುವವನೇ ಒಂದು ದಾರಿ ಹೇಳಿದ. ಎಲ್ವಾಳ ಹೆಸರಿನ ಕೆಳಗೆ ಹೀಗೆ ಬಂತು: ಗ್ಲೆನಿಸ್, ನೆವಿಲ್, ಕ್ಲೈವ್ ಇವರ ತಾಯಿ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಕಲ್ಲು ನಿಲ್ಲಿಸಿದ ವಾರ ಆಂಟಿ ಐರಿಸ್ ನೋಡಬೇಕೆಂದಳು. ಆಸ್ಪತ್ರೆಯಿಲ್ಲದ ಒಂದು ದಿನ ಗ್ಲೆನಿಸ್ ಅವಳನ್ನು ಕಾರಿನಲ್ಲಿ ಕರೆದೊಯ್ದಳು. ಮುದುಕಿ ಬಹಳ ಸೊರಗಿದ್ದಳು. ಗೇಟಿನಿಂದ ಕಲ್ಲಿನವರೆಗಿನ ದಾರಿಗೆ ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಕನ್ನಡಕ ಒರೆಸಿಕೊಂಡು ಓದಿದಳು.

"ಚೆನ್ನಾಗಿದೆ. ನಿಮ್ಮಮ್ಮನಿಗೆ ಒಳ್ಳೆ ಕಲ್ಲು."

"ಆಂಟಿ," ಎಂದಳು ಗ್ಲೆನಿಸ್. ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಮಾತು. "ನಿಮ್ಮ ತಾಯಿಯವರಿಗೂ ಏನಾದ್ರೂ ಮಾಡ್ಬೇಕು ಅಂತ ನನಗೆ... ಹ್ಯಾಲಿಗನ್‌ನಲ್ಲಿ ಒಂದು ಕಲ್ಲು. ಅಥವಾ ಇಲ್ಲೇ ಎಲ್ಲಾದ್ರೂ. ನೀವು ಹೇಳಿದ ಹಾಗೆ."

ಆಂಟಿ ಐರಿಸ್ ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ.

"ಏನಂತ ಬರೆಸ್ತೀಯ? ಹೆಸರು ನಾನು ಹೇಳಲ್ಲ. ನೀವಿಟ್ಟ ಹೆಸರು ಅವಳದಲ್ಲ. ಅಲ್ಲಿ ನಿಲ್ಸಿದ್ರೆ ಮುಂದಿನ ನೆರೆ ಎತ್ಕೊಂಡು ಹೋಗುತ್ತೆ. ಇಲ್ಲಿ ನಿಲ್ಸಿದ್ರೆ, ಇಲ್ಲಿ ಅವಳಿಗೆ ಯಾರು ಗೊತ್ತು?"

ಉತ್ತರ ಹೊಳೆಯುವವರೆಗೂ ನಿಲ್ಲೋಣವೆಂದು ಗ್ಲೆನಿಸ್ ನಿಂತಳು. ಗಾಳಿ ಕೊಲ್ಲಿಯ ಕಡೆಯಿಂದ ತಣ್ಣಗೆ ಬೀಸುತ್ತಿತ್ತು, ಮುದುಕಿಯ ತೆಳು ಅಂಗಿ ಮೈಗೆ ಅಂಟುತ್ತಿತ್ತು.

"ನಡಿಯೇ," ಎಂದಳು ಆಂಟಿ ಐರಿಸ್ ಕೊನೆಗೆ. "ಚಳಿ ಆಗ್ತಿದೆ ನಂಗೆ."

ಗ್ಲೆನಿಸ್ ತನ್ನ ಉಣ್ಣೆಯ ಅಂಗಿ ಬಿಚ್ಚಿ ಅವಳಿಗೆ ಹೊದಿಸಿದಳು. ಮುದುಕಿ ಬೇಡವೆನ್ನಲಿಲ್ಲ. ಒಬ್ಬರ ತೋಳನ್ನೊಬ್ಬರು ಹಿಡಿದು, ಮೆಲ್ಲಗೆ, ಅವರಿಬ್ಬರೂ ಗೇಟಿನ ಕಡೆ ಹೊರಟರು.